ದೆವ್ವ ಬೀಡಿ ಸೇದಿದ್ರೆ ಮಾತ್ರ ತಪ್ಪು

ಶುಂಠಿಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಹಾಸನದ ಕಡೆ ಎರಡು ತರದ ಜನ ಕಾಣಿಸ್ಕೋತಾರೆ, ಒಬ್ರು ಹೊಸ ಥಾರ್ ತಗೊಳ್ಳೋರು, ಇನ್ನೊಬ್ರು ಸಿನಿಮಾ ಪ್ರೊಡ್ಯೂಸರ್ ಆಗೋರು. ಈಗ ಕಾಫಿಗೂ ರೇಟು ಏರಿದ ಮೇಲೆ ಸಕಲೇಶಪುರ, ಮೂಡಿಗೆರೆಯೋರೂ ಸೇರ್ಕೊಂಡವ್ರೆ. ಪ್ರೊಡ್ಯೂಸರ್ ಆದೋರು ಲವ್ ಸ್ಟೋರಿ ಕಡೆ ತಿರುಗಿಯೂ ನೋಡಲ್ಲ, ಅದಕ್ಕೆ ಹೀರೋ ಬೇಕು, ಹೀರೋಗೆ ಕ್ಯಾರವಾನ್ ಬೇಕು. ದೆವ್ವದ ಸಿನಿಮಾನೇ ಮಾಡೋದು, ದೆವ್ವಕ್ಕೆ ಊಟಾನೂ ಬೇಡ. ಅಜ್ಜನ ಕಾಲದ ಎಸ್ಟೇಟ್ ಬಂಗ್ಲೆ ಬಾವಲಿ ಸಾಕ್ಕೊಂಡು ಖಾಲಿ ಬಿದ್ದಿರುತ್ತೆ, ಮಂಜು ಪುಕ್ಕಟೆ ಬರುತ್ತೆ, ಜೀರುಂಡೆ ಪಾಪ ರಾತ್ರಿಯೆಲ್ಲ ಬಿಜಿಎಂ ಕೊಡುತ್ತೆ. ಇನ್ನು ಬೇಕಿರೋದು ಒಂದು ಬಿಳಿ ಸೀರೆ, ಒಂದು ಮಚ್ಚು, ಬಕೆಟ್‌ಗಟ್ಟಲೆ ರಕ್ತ.

ಈ ರಕ್ತ ಇದೆಯಲ್ಲ, ಇಡೀ ಪ್ರಪಂಚದಲ್ಲಿ ಇದು ಅಡುಗೆಮನೆಯಿಂದಾನೇ ಬಂದಿರೋದು. 1968ರಲ್ಲಿ ಅಮೆರಿಕದಲ್ಲಿ ಜಾರ್ಜ್ ರೊಮೆರೊ ಎದ್ದು ಬರೋ ಹೆಣಗಳ ಸಿನಿಮಾ ಮಾಡಿದಾಗ ಬ್ಲಾಕ್ ಅಂಡ್ ವೈಟ್ ಅಲ್ವಾ, ಚಾಕಲೇಟ್ ಸಿರಪ್ ಸುರಿದು ರಕ್ತ ಅಂತ ನಂಬಿಸಿದ್ರು. ಕಲರ್ ಸಿನಿಮಾದೋರು ಕಾರ್ನ್ ಸಿರಪ್‌ಗೆ ಕೆಂಪು ಬಣ್ಣ ಕಲಸ್ಕೊಂಡ್ರು. ನಮ್ಮೋರು ಕೆಲವ್ರು ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿ ನೀರು ಮಾಡ್ತಾರೆ, ಫಸ್ಟ್ ಟೇಕ್‌ಗೆ ಕೊಲೆ ತರ ಕಾಣುತ್ತೆ, ಮೂರನೇ ಟೇಕ್ ಹೊತ್ತಿಗೆ ಗೃಹಪ್ರವೇಶ ತರ. ಸಕ್ಕರೆ ಪಾಕ ಹಾಕಿದ್ರೆ ಹೆಣದ ಮೇಲೆ ಇರುವೆ ಸಾಲು ಹಿಡಿದು ಹೆಣ ಎದ್ದು ಕೆರ್ಕೊಳ್ಳುತ್ತೆ. ಮಳೆಗಾಲದಲ್ಲಿ ಮೂಡಿಗೆರೆ ಹತ್ರ ಒಂದು ಶೂಟಿಂಗ್ ನೋಡಕ್ಕೆ ಹೋಗಿದ್ದೆ, ಹೀರೋ ಕಾಲಿಗೆ ಇಂಬಳ ಹತ್ತಿತ್ತು. ಗೊತ್ತಲ್ಲ, ಇಂಬಳ ಕಚ್ಚಿದ್ರೆ ರಕ್ತ ಹೆಪ್ಪುಗಟ್ಟಲ್ಲ, ಅದು ಬಿದ್ದೋದ ಮೇಲೂ ಹರೀತಾನೇ ಇರುತ್ತೆ, ಪ್ಯಾಂಟೆಲ್ಲ ಒದ್ದೆ. ಕ್ಯಾಮೆರಾದವ್ನು ಮಾನಿಟರ್ ನೋಡಿ "ಸಾರ್ ಅದು ಡೂಪ್ಲಿಕೇಟ್ ತರ ಕಾಣ್ತಿದೆ, ಒರೆಸ್ಕೊಂಡು ಬನ್ನಿ, ನಮ್ದು ಹಚ್ಚಣ" ಅಂದ.

ಇಷ್ಟಾದ್ರೂ ನಾವು ನೋಡ್ತೀವಿ, ಬಿಡಲ್ಲ. ಯಾಕಂದ್ರೆ ನೂರಾರು ಕೋಟಿ ಸಿನಿಮಾದಲ್ಲಿ ನಾವು ಬಾಯಿ ಮುಚ್ಕೊಂಡು ಕೂರಬೇಕು, ಇದ್ರಲ್ಲಿ ನಮಗೂ ಪಾರ್ಟ್ ಇದೆ. ಹೀರೋಯಿನ್ ಕರೆಂಟ್ ಹೋದ ಬಂಗ್ಲೇಲಿ ಒಬ್ಳೇ ಅಟ್ಟ ಹತ್ತುವಾಗ "ಬ್ಯಾಡ ಕಣವ್ವಾ" ಅಂತ ಅರ್ಧ ಥಿಯೇಟರ್ ಕೂಗುತ್ತೆ. ದೆವ್ವ ಒಬ್ನ ಹೊಟ್ಟೆ ಸೀಳಿ ಕರುಳು ಎಳೆದಾಗ ಅದು ಬೋಟಿ ಅಂತ ಹಾಸನದೋರಿಗೆ ಹೇಳ್ಕೊಡಬೇಕಾ, ಹಿಂದಿನ ಸೀಟಿಂದ ಒಬ್ಬ "ಸರಿಯಾಗಿ ತೊಳೆದಿಲ್ಲ ಕಣ್ಲಾ" ಅಂದ, ಆಮೇಲೆ ಐದು ನಿಮಿಷ ಡೈಲಾಗ್ ಯಾರಿಗೂ ಕೇಳಿಸ್ಲಿಲ್ಲ. ಇದೇನು ನಮ್ಮ ಊರಿನ ಬಡತನ ಅಲ್ಲ, 1963ರಲ್ಲಿ ಹರ್ಷಲ್ ಗಾರ್ಡನ್ ಲೂಯಿಸ್ ಅನ್ನೋ ಪುಣ್ಯಾತ್ಮ ಸುಮಾರು 24,500 ಡಾಲರ್‌ನಲ್ಲಿ ಇಂಥ ಸಿನಿಮಾಗಳಿಗೆಲ್ಲ ಮೂಲಪುರುಷ ಅನ್ನಬಹುದಾದದ್ದು ಒಂದು ಮಾಡ್ದ, ಅದ್ರಲ್ಲಿ ಕೀಳೋ ನಾಲಿಗೆ ಕುರೀದು. ಪ್ರಚಾರಕ್ಕೆ ಅಂತ ಪ್ರೇಕ್ಷಕರಿಗೆ ವಾಂತಿ ಚೀಲ ಬೇರೆ ಹಂಚಿದ್ರು. ಮುಂದೆ ಆಯಪ್ಪ ಜಾಹೀರಾತು ಬರೆಯೋದು ಹೇಗೆ ಅಂತ ಪುಸ್ತಕ ಬರೆಯೋ ಮಟ್ಟಕ್ಕೆ ಹೋದ, ಹೋಗದೆ ಏನು.

ನನ್ನ ತಕರಾರು ಬೋಟಿ ಮೇಲೆ ಅಲ್ಲ, ಬೋಟಿ ಬರೋಕೆ ಮುಂಚೆ ಬರೋ ಒಂದೂಕಾಲು ಗಂಟೆ ಮೇಲೆ. ದೆವ್ವ ಇಂಟರ್ವಲ್‌ಗೆ ಎಂಟ್ರಿ. ಅಲ್ಲೀವರೆಗೂ ನಾಲ್ಕು ಜನ ಫ್ರೆಂಡ್ಸು, ಒಂದು ಜೀಪು, ಮುಳ್ಳಯ್ಯನಗಿರಿ ಡ್ರೋನ್ ಶಾಟು, ಅಡುಗೆಭಟ್ಟನ ಕಾಮಿಡಿ. ದೆವ್ವ ಬಂದ್ಮೇಲಾದ್ರೂ ಹೆದರಿಸುತ್ತಾ ಅಂದ್ರೆ ಅದಕ್ಕೊಂದು ಫ್ಲ್ಯಾಶ್‌ಬ್ಯಾಕು, ಅನ್ಯಾಯ, ಕೊನೆಗೆ ಹೆಣ್ಣುಮಕ್ಕಳನ್ನ ಗೌರವಿಸಿ ಅಂತ ಮೆಸೇಜು, ಅದೂ ಅದೇ ಹೆಣ್ಣುಮಕ್ಕಳನ್ನ ಒದ್ದೆ ಬಟ್ಟೇಲಿ ಎಲ್ಲಾ ಆಂಗಲ್‌ನಿಂದ ತೋರ್ಸಿದ ಮೇಲೆ. ಟೆಕ್ಸಾಸ್‌ನಲ್ಲಿ 1974ರಲ್ಲಿ ಗರಗಸದ ಸಿನಿಮಾ ಮಾಡಿದೋರ ಹತ್ರಾನೂ ದುಡ್ಡಿರ್ಲಿಲ್ಲ, ಪರದೆ ಮೇಲೆ ರಕ್ತ ತೋರ್ಸಿದ್ದೂ ಕಮ್ಮಿನೇ, ಬರೀ ಆ ಮಿಷಿನ್ ಸೌಂಡಲ್ಲೇ ಜನರ ಜೀವ ತೆಗೆದ್ರು. ನಮ್ಮೋರು ಸೌಂಡ್ ಅಂದ್ರೆ ಬಾಗಿಲು "ಕಿರ್", ಆಮೇಲೆ "ಢಂ", ಆಮೇಲೆ ಬೆಕ್ಕು.

ಈಗ ಸರ್ಕಾರದ ಕಡೆ ಬನ್ನಿ, ನಿಜವಾದ ಕಾಮಿಡಿ ಟ್ರ್ಯಾಕ್ ಇರೋದು ಅಲ್ಲಿ. ದೆವ್ವ ಒಬ್ಬ ಗಂಡಸಿನ ಎದೆ ಬಗೆದು ಗುಂಡಿಗೆ ಕಚ್ಚಿ ತಿಂತಿರುತ್ತೆ, ಪರದೆ ಕ್ಲೀನ್. ತಿಂದು ಮುಗಿಸಿ ಒಂದು ಬೀಡಿ ಹಚ್ಚಿದ್ರೆ ತಕ್ಷಣ ಕೆಳಗಡೆ "ಧೂಮಪಾನ ಆರೋಗ್ಯಕ್ಕೆ ಹಾನಿಕರ". ಯಾರ ಆರೋಗ್ಯಕ್ಕೆ ಸ್ವಾಮಿ, ಅದು ಸತ್ತು ಮೂವತ್ತು ವರ್ಷ ಆಗಿದೆ. 2012ರಿಂದ ಹೀಗೇ ನಡ್ಕೊಂಡು ಬಂದಿದೆ, ಶುರುವಿನಲ್ಲಿ ಮೂವತ್ತು ಸೆಕೆಂಡ್ ತಂಬಾಕು ಬಿಡಿ ಅನ್ನೋ ಜಾಹೀರಾತು, ಇಂಟರ್ವಲ್ ಆದ್ಮೇಲೆ ಇನ್ನೊಂದು ಸಲ, ಸತ್ಯ ಹೇಳ್ತೀನಿ, ಇಡೀ ಶೋನಲ್ಲಿ ಜನ ನಿಜವಾಗ್ಲೂ ಮುಖ ತಿರುಗ್ಸೋದು ಅದಕ್ಕೇ. ದೆವ್ವಕ್ಕೆ ಕೋಳಿ ಬಲಿ ಕೊಡೋ ಸೀನ್ ಇದ್ರೆ ಪ್ರಾಣಿ ಕಲ್ಯಾಣ ಮಂಡಳಿ ಪತ್ರ ತರಬೇಕು. ಮನುಷ್ಯನ್ನ ಕಡಿಯೋಕೆ ಯಾವ ಪತ್ರಾನೂ ಬೇಡ. ಈಗ ಯುಎ ಸರ್ಟಿಫಿಕೇಟ್‌ನೂ 7+, 13+, 16+ ಅಂತ ಮೂರು ಪಾಲು ಮಾಡವ್ರೆ, ಯಾವ ವಯಸ್ಸಿಗೆ ಎಷ್ಟು ಆರತಿ ನೀರು ಅಂತ ಲೆಕ್ಕ ಇಟ್ಕೊಂಡಿರಬೇಕು.

ಇಷ್ಟೆಲ್ಲ ಕಾವಲು ಇರೋದು ಸುಳ್ಳು ರಕ್ತಕ್ಕೆ. ಸಂಜೆ ಟಿವಿ ಹಾಕಿದ್ರೆ ಹೈವೇ ಸಿಸಿಟಿವಿ, ಬೈಕ್ ಸುತ್ತ ಕೆಂಪು ರೌಂಡು, ಸ್ಲೋ ಮೋಷನ್‌ನಲ್ಲಿ ಮತ್ತೆ ಮತ್ತೆ, ಹಿಂದೆ ದೆವ್ವದ ಸಿನಿಮಾದ್ದೇ ಮ್ಯೂಸಿಕ್ಕು. ಬೇಲೂರು ಕಡೆ ಆನೆ ತುಳಿದು ಯಾರೋ ಬಡಪಾಯಿ ಸತ್ರೆ ಮನೆಯೋರಿಗೆ ವಿಷಯ ಗೊತ್ತಾಗೋ ಮುಂಚೆ ವಿಡಿಯೋ ಅರಸೀಕೆರೆ ದಾಟಿರುತ್ತೆ. ಅದಕ್ಕೆ 7+ ಇಲ್ಲ, 16+ ಇಲ್ಲ.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ ಒಬ್ರು ಇದಾರೆ. ನಾನು ಮೇಲಿನ ಬೋಟಿ ಸಿನಿಮಾಗೆ ಹೋಗಿದ್ದೆ ಅಂತ ಗೊತ್ತಾಗಿ "ಇಂಥವೆಲ್ಲ ಮಕ್ಕಳ ಮನಸ್ಸು ಹಾಳು ಮಾಡ್ತವೆ, ಬ್ಯಾನ್ ಮಾಡ್ಬೇಕು" ಅಂತ ಬರೆದ್ರು. ದೊಡ್ಡಪ್ಪ, ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಿಂದೇನೇ ನೀವು ಆ ಆಕ್ಸಿಡೆಂಟ್ ವಿಡಿಯೋ ಹಾಕಿದ್ರಲ್ಲ, ಗ್ರೂಪಲ್ಲಿ ಆರನೇ ಕ್ಲಾಸ್ ಹುಡುಗನೂ ಇದಾನೆ ಅಂದೆ. "ಅದು ನಿಜವಾಗ್ಲೂ ಆಗಿರೋದು ಕಣಪ್ಪ, ನಿಜ ನೋಡೋಕೇನು? ಜನರಲ್ ನಾಲೆಡ್ಜು" ಅಂದು ಇನ್ನೊಂದು ಫಾರ್ವರ್ಡ್ ಮಾಡಿದ್ರು, ಈ ಸಲ ಶಿರಾಡಿ ಘಾಟಿನ ಟ್ಯಾಂಕರ್‌ದು, ಕೆಳಗೆ ಕೈ ಮುಗಿಯೋ ಇಮೋಜಿ.