ಸಂಧಿವಾತ ಇದೆಯೆಂದು ಕೆಲಸದ ಜಾಗದಲ್ಲಿ ಹೇಳಬೇಕೇ?

ಪರ: ಹೇಳಿ, ಬೇಗ ಹೇಳಿ

ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಕೆರಳಿದ ದಿನ ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು. ಬಿಗಿತ ಬಿಡಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಸಾಹಸ. ಹೊತ್ತೇರಿದ ಮೇಲೆ ಅದೇ ಕೈ ತಕ್ಕಮಟ್ಟಿಗೆ ಆಡುತ್ತದೆ. ಇದು ಗೊತ್ತಿಲ್ಲದ ಮೇಲಧಿಕಾರಿಗೆ ಕಾಣುವುದು ಒಂದೇ: ಈತ ದಿನಾ ತಡ. ಗೊತ್ತಿದ್ದವರು ಪಾಳಿಯನ್ನು ಒಂದು ಗಂಟೆ ತಡವಾಗಿ ಶುರುಮಾಡಿಸಿದರೆ ಮುಗಿಯಿತು.

ಬೇಕಾಗುವ ಅನುಕೂಲಗಳು ಬಹುಪಾಲು ಇಂಥವೇ. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ, ದಪ್ಪ ಹಿಡಿಯ ಸಲಕರಣೆ, ಭಾರಕ್ಕೊಂದು ತಳ್ಳುಗಾಡಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಗೆ ಬರುವ ಸಂಧಿವಾತ) ಇದ್ದವರದು ಬೇರೆ ಕಥೆ: ಕೂತಷ್ಟೂ ಬೆನ್ನು ಬಿಗಿಯುತ್ತದೆ, ಓಡಾಡಿದರೆ ಸಡಿಲ. ಕಾರಣ ತಿಳಿಯದ ಪಕ್ಕದ ಮೇಜಿನವರ ಕಣ್ಣಿಗೆ ಅದು ಕೂತಲ್ಲಿ ಕೂರದ ಚಾಳಿ.

ಮುಚ್ಚಿಟ್ಟರೆ ದೊಡ್ಡ ಪೆಟ್ಟು ಬೀಳುವುದು ಚಿಕಿತ್ಸೆಗೆ. ರುಮಟಾಯ್ಡ್‌ನಲ್ಲಿ ಮೊದಲ ಕೆಲವು ತಿಂಗಳಲ್ಲೇ ಔಷಧಿ ಹಿಡಿದರೆ ಕೀಲು ಹಾಳಾಗುವುದನ್ನು ಬಹಳಮಟ್ಟಿಗೆ ತಡೆಯಬಹುದು. ಅದಕ್ಕೆ ಆಗಾಗ ರಕ್ತಪರೀಕ್ಷೆ, ವೈದ್ಯರ ಭೇಟಿ ಆಗಲೇಬೇಕು. ಪ್ರತಿ ಸಲ ನೆಪ ಹುಡುಕಿ ರಜೆ ಕೇಳಿ ಸಾಕಾದವರು ಕೊನೆಗೆ ಕೈಬಿಡುವುದು ಆ ಭೇಟಿಯನ್ನೇ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಪ್ರಕಾರ ಸಮಂಜಸ ಅನುಕೂಲ ಮಾಡಿಕೊಡದಿರುವುದೂ ತಾರತಮ್ಯವೇ. ಆದರೆ ತೊಂದರೆ ಏನೆಂದೇ ಹೇಳದಿದ್ದರೆ ಯಾರು ಏನು ಮಾಡಿಕೊಟ್ಟಾರು?

ವಿರೋಧ: ಯಾರಿಗೆ ಹೇಳುತ್ತಿದ್ದೀರಿ, ಮೊದಲು ನೋಡಿ

ಒಡಂಬಡಿಕೆ ಇದೆ, ಸರಿ. ಬಡ್ತಿ ತಪ್ಪಿದಾಗ 'ನಿಮ್ಮ ಕೀಲುನೋವಿನ ಕಾರಣಕ್ಕೆ' ಎಂದು ಯಾರಾದರೂ ಬರೆದುಕೊಡುತ್ತಾರೆಯೇ? 'ನಿಮಗೆ ತೊಂದರೆ ಆಗಬಾರದಲ್ಲ' ಎಂಬ ಕಾಳಜಿಯ ಮಾತಿನಲ್ಲೇ ಒಳ್ಳೆಯ ಕೆಲಸಗಳು ಬೇರೆಯವರ ಪಾಲಾಗುತ್ತವೆ. ದಿನಗೂಲಿಯವರಿಗಂತೂ 'ನಾಳೆಯಿಂದ ಬರಬೇಡ' ಎನ್ನಲು ಕಾರಣವೂ ಬೇಕಿಲ್ಲ.

ಈ ಕಾಯಿಲೆ ಏರುತ್ತದೆ, ಇಳಿಯುತ್ತದೆ. ನಿನ್ನೆ ಮೆಟ್ಟಿಲು ಹತ್ತಿದವರು ಇವತ್ತು ಲಿಫ್ಟಿಗೆ ಕಾಯುತ್ತಾರೆ. 'ನಿನ್ನೆ ಚೆನ್ನಾಗೇ ಇದ್ರಲ್ಲ' ಎಂಬ ಮಾತು ತಪ್ಪಿದ್ದಲ್ಲ. ರುಮಟಾಯ್ಡ್ ಹೆಚ್ಚಾಗಿ ಶುರುವಾಗುವುದು 30ರಿಂದ 60ರ ನಡುವೆ, ಅದೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಜನರ ಲೆಕ್ಕದಲ್ಲಿ ಮಾತ್ರ ಸಂಧಿವಾತವೆಂದರೆ ಮುದುಕರ ಮಂಡಿನೋವು. 35ರ ಹೆಂಗಸು ಬಾಯಿಬಿಟ್ಟರೆ ಸಿಗುವುದು ಅನುಕೂಲವಲ್ಲ, ಎಣ್ಣೆ-ಕಷಾಯದ ಸಲಹೆ. (ಅದು ಪುಕ್ಕಟೆ, ಕೇಳದೆಯೂ ಸಿಗುತ್ತದೆ.)

ಹಾಗಾಗಿ ಜನ ತಮ್ಮ ಪಾಡಿಗೆ ದಾರಿ ಕಂಡುಕೊಳ್ಳುತ್ತಾರೆ. ಮೆಥೊಟ್ರೆಕ್ಸೇಟ್ ರುಮಟಾಯ್ಡ್‌ಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ; ಮಾರನೆಯ ದಿನ ಕೆಲವರಿಗೆ ವಾಕರಿಕೆ, ಸುಸ್ತು. ವೈದ್ಯರನ್ನು ಕೇಳಿ ಅದನ್ನು ವಾರದ ರಜೆಯ ಹಿಂದಿನ ರಾತ್ರಿಗೆ ಹೊಂದಿಸಿಕೊಂಡರೆ ಆಫೀಸಿಗೆ ಸುಳಿವೂ ಸಿಗದು. ಬೇರೆ ಮೌಸ್ ಬೇಕು ಎನ್ನಲು ರೋಗದ ಹೆಸರು ಯಾಕೆ? ಕೆಲಸ ಶುರುಮಾಡುವ ಹೊತ್ತನ್ನು ಎಲ್ಲರಿಗೂ ಸಡಿಲ ಬಿಟ್ಟ ಕಡೆ ಯಾರೂ ಕಾರಣ ಕೇಳುವುದಿಲ್ಲ. ಮಾಲೀಕರನ್ನು ಒತ್ತಾಯಿಸಬೇಕಾದ್ದು ಆ ಸಡಿಲಿಕೆಗೆ.

ಕಾರ್ಖಾನೆಯಲ್ಲಿ ನಿಂತು ದಿನವಿಡೀ ಸ್ಕ್ರೂ ತಿರುಗಿಸುವವರಿಗೆ ಈ ಉಪಾಯ ಸಾಲದು, ಒಪ್ಪುತ್ತೇನೆ. ಅವರು ಹೇಳದೆ ಗತಿಯಿಲ್ಲ. ಆದರೂ ಮೊದಲು ವೈದ್ಯರಿಂದ ಪತ್ರ ಬರೆಸಿಕೊಳ್ಳಲಿ, ಸಂಘವಿದ್ದರೆ ಅಲ್ಲೊಂದು ಪ್ರತಿ ಕೊಡಲಿ. ಮೇಲ್ವಿಚಾರಕರ ಸರದಿ ಆಮೇಲೆ.