ಬಾಲ್ಕನಿ ಬೇಕು ಸರಿ, ಆದರೆ ಯಾವ ಬಾಲ್ಕನಿ?

ಮೊದಲ ಸಲ ಕ್ರೂಸ್ ಹಡಗು ಹತ್ತಿದಾಗ ನಾನು ಬಾಲ್ಕನಿ ಇರುವ ಕ್ಯಾಬಿನ್ನನ್ನೇ ಬುಕ್ ಮಾಡಿದ್ದೆ. ಬ್ಯಾಗು ಒಳಗಿಟ್ಟು, ಪರದೆ ಸರಿಸಿ, ಗಾಜಿನ ಬಾಗಿಲು ಎಳೆದೆ. ಎದುರಿಗೆ ಸಮುದ್ರ ಇರಲಿಲ್ಲ. ಕಿತ್ತಳೆ ಬಣ್ಣದ ಒಂದು ದೊಡ್ಡ ಲೈಫ್‌ಬೋಟ್ ನೇತಾಡುತ್ತಿತ್ತು. ಅದರ ಚಾವಣಿಯ ಮೇಲಿಂದ ಕತ್ತು ಉದ್ದ ಮಾಡಿ ನೋಡಿದರೆ ಆಚೆ ಒಂದು ನೀಲಿ ಗೆರೆ ಕಾಣುತ್ತಿತ್ತು. ನನ್ನ ಪಾಲಿನ ಸಮುದ್ರ ಅಷ್ಟೇ.

ಜೊತೆಗೆ ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿದಳು. "ಅಲ್ವೋ, ದೋಣಿ ನೋಡೋಕೆ ಇಷ್ಟು ದುಡ್ಡು ಕೊಟ್ಯಾ?" ಅಂದಳು.

ತಪ್ಪು ನನ್ನದೇ. ಬುಕ್ ಮಾಡುವಾಗ 'ಅಬ್‌ಸ್ಟ್ರಕ್ಟೆಡ್ ವ್ಯೂ' ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನೋಟಕ್ಕೆ ಏನೋ ಅಡ್ಡ ಇದೆ ಅಂತ ಅದರ ಅರ್ಥ. ನಾನು ನೋಡಿದ್ದು ಬೆಲೆಯನ್ನು ಮಾತ್ರ. ಉಳಿದ ಬಾಲ್ಕನಿಗಳಿಗಿಂತ ಕಡಿಮೆ ಇತ್ತು, ಖುಷಿಯಿಂದ ಒತ್ತಿಬಿಟ್ಟೆ.

ಈಗ ಯಾರಾದರೂ ಕ್ರೂಸ್‌ಗೆ ಹೊರಟರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಬಾಲ್ಕನಿ ತಗೊಳ್ಳೋದಾ ಬೇಡ್ವಾ?" ಇದಕ್ಕೆ ಹೌದು ಅಂತಲೂ ಇಲ್ಲ ಅಂತಲೂ ಹೇಳಲು ಬರುವುದಿಲ್ಲ. ಯಾಕಂದ್ರೆ ಒಂದೇ ಹಡಗಿನಲ್ಲಿ 'ಬಾಲ್ಕನಿ' ಅನ್ನುವ ಹೆಸರಿನಲ್ಲಿ ಮಾರುವ ಕೋಣೆಗಳು ಹತ್ತು ತರಹ ಇರುತ್ತವೆ. ಜನ ಬಾಲ್ಕನಿಗೆ ಅಂತ ಜಾಸ್ತಿ ದುಡ್ಡು ಕೊಡುತ್ತಾರೆ, ಆಮೇಲೆ ಅದು ಹಡಗಿನಲ್ಲಿ ಎಲ್ಲಿದೆ ಅಂತ ನೋಡುವುದೇ ಇಲ್ಲ. ಇನ್ನು ಕೆಲವರು 'ಗ್ಯಾರಂಟಿ ಕ್ಯಾಬಿನ್' ತಗೊಳ್ಳುತ್ತಾರೆ. ಹೆಸರು ಕೇಳಿದರೆ ಭರವಸೆ ಇದ್ದಂತಿದೆ, ಅಲ್ವಾ? ಬಾಲ್ಕನಿ ಸಿಗುತ್ತದೆ ಅನ್ನುವುದಷ್ಟೇ ಅಲ್ಲಿ ಗ್ಯಾರಂಟಿ. ಯಾವ ಡೆಕ್ಕು (ಅಂದರೆ ಹಡಗಿನ ಯಾವ ಅಂತಸ್ತು), ಯಾವ ಮೂಲೆ ಅನ್ನುವುದನ್ನು ಕಂಪನಿಯೇ ಆರಿಸುತ್ತದೆ. ಯಾರಿಗೂ ಬೇಡವಾಗಿ ಉಳಿದ ಕೋಣೆ ನಿಮ್ಮ ಪಾಲಿಗೆ ಬಂದರೆ ಗೊಣಗುವ ಹಾಗಿಲ್ಲ.

ಹಾಗಾಗಿ ಮೊದಲು ಡೆಕ್ ಪ್ಲಾನ್, ಅಂದರೆ ಪ್ರತಿ ಡೆಕ್ಕಿನ ನಕ್ಷೆ, ತೆಗೆಯಿರಿ. ಎಲ್ಲ ಕಂಪನಿಗಳೂ ಅದನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ನಿಮ್ಮ ಕೋಣೆ ಇರುವ ಡೆಕ್ಕನ್ನು ಎಲ್ಲರೂ ನೋಡುತ್ತಾರೆ, ಅದು ಸಾಲದು. ಅದರ ನೇರ ಮೇಲಿನ ಡೆಕ್ಕು, ನೇರ ಕೆಳಗಿನ ಡೆಕ್ಕು, ಈ ಎರಡನ್ನೂ ನೋಡಬೇಕು. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೇ ಎಚ್ಚರವಾಗುತ್ತದೆ. ನೆಲ ತೊಳೆದು ಕುರ್ಚಿ ಸಾಲಾಗಿ ಜೋಡಿಸುವ ಕೆಲಸ ಆಗಲೇ ನಡೆಯುವುದು. ಬಫೆ ಇದ್ದರೆ ತಳ್ಳುಗಾಡಿಗಳ ಗಡಗಡ. ಕೆಳಗೆ ಥಿಯೇಟರೋ ಡಾನ್ಸ್ ಫ್ಲೋರೋ ಇದ್ದರೆ ಮಧ್ಯರಾತ್ರಿವರೆಗೂ ಹಾಸಿಗೆಯೇ ಡಬ್ ಡಬ್ ಅನ್ನುತ್ತದೆ. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಡೆಕ್ಕು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಪ್ಲಾನ್‌ನಲ್ಲಿ ಏನೂ ಬರೆಯದ ಖಾಲಿ ಬಿಳಿ ಜಾಗಗಳೂ ಇರುತ್ತವೆ. ಅದು ಅಡುಗೆಮನೆಯೋ ಸಿಬ್ಬಂದಿಯ ಜಾಗವೋ ಆಗಿರಬಹುದು, ಅದರ ಪಕ್ಕ ನಾನು ಹೋಗುವುದಿಲ್ಲ. ಎರಡು ಕೋಣೆಗಳ ನಡುವೆ ಬಾಗಿಲಿನ ಗುರುತು ಕಂಡರೂ ಹುಷಾರು. ಕುಟುಂಬದವರು ಎರಡು ಕೋಣೆ ತಗೊಂಡರೆ ಆ ಬಾಗಿಲು ಬಲು ಅನುಕೂಲ. ಗೊತ್ತಿಲ್ಲದವರು ಪಕ್ಕದಲ್ಲಿದ್ದರೆ ಅವರ ಟೀವಿ, ಅವರ ಜಗಳ, ಅವರ ಅಲಾರಂ ಎಲ್ಲವೂ ನಿಮ್ಮದೇ.

ಇನ್ನು ಅಲುಗಾಟದ ವಿಷಯ. ಪಾರ್ಕಿನಲ್ಲಿ ಮಕ್ಕಳು ಆಡುವ ಸೀ-ಸಾ ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವೆ ನಿಂತವನಿಗೆ ಏನೂ ಆಗುವುದಿಲ್ಲ. ಅಲೆಗೆ ಎದುರಾದಾಗ ಹಡಗು ಮಾಡುವುದೂ ಅದನ್ನೇ. ಮೂತಿ ಏಳುತ್ತದೆ, ಬಾಲ ಇಳಿಯುತ್ತದೆ. ಪಕ್ಕಕ್ಕೆ ಓಲಾಡುವುದನ್ನು ತಡೆಯಲು ಈಗಿನ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿವೆ. ಈ ಸೀ-ಸಾ ಆಟಕ್ಕೆ ಅವು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಮೇಲೆ ಹೋದಷ್ಟೂ ಓಲಾಟ ಜಾಸ್ತಿ. ಆದರೆ ಬುಕ್ ಮಾಡುವಾಗ ಎಲ್ಲರ ಕಣ್ಣೂ ಮೇಲಿನ ಡೆಕ್ಕಿನ ಮೇಲೇ! ಹೊಟ್ಟೆ ತೊಳಸುವ ಸ್ವಭಾವ ಇದ್ದವರು ನಡುಭಾಗದಲ್ಲಿ, ಆದಷ್ಟು ಕೆಳಗಿನ ಬಾಲ್ಕನಿ ಹುಡುಕಬೇಕು. ಅದು ಅಗ್ಗವೂ ಹೌದು. ಮುಂಭಾಗದ ಬಾಲ್ಕನಿ ನನಗೆ ಬೇಡವೇ ಬೇಡ. ಹಡಗು 20 ನಾಟ್‌ನಲ್ಲಿ ಹೋಗುತ್ತಿದ್ದರೆ ಅದು ಗಂಟೆಗೆ 37 ಕಿಲೋಮೀಟರ್. ಗಾಳಿಯೇ ಇಲ್ಲದ ದಿನವೂ ಮುಖಕ್ಕೆ ಅಷ್ಟು ಗಾಳಿ ಬಡಿಯುತ್ತದೆ. ಬಂದರಿಗೆ ಬರುವಾಗ ಲಂಗರಿನ ಸರಪಳಿಯ ಸದ್ದು, ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳ ನಡುಕ ಬೇರೆ. ಮುಂದಕ್ಕೆ ಮುಖ ಮಾಡಿದ ಕೋಣೆಗಳಲ್ಲಿ ರಾತ್ರಿ ಪರದೆ ಹಾಕಿರಿ ಅಂತಲೂ ಹೇಳುತ್ತಾರೆ. ಬೆಳಕು ಬಿದ್ದರೆ ಹಡಗು ನಡೆಸುವವರಿಗೆ ಎದುರಿನ ಕತ್ತಲು ಸರಿಯಾಗಿ ಕಾಣುವುದಿಲ್ಲ.

ನನಗೆ ಇಷ್ಟವಾದದ್ದು ಹಿಂಭಾಗ. ಎರಡನೇ ಪ್ರಯಾಣದಲ್ಲಿ ಹಠ ಮಾಡಿ ಅಲ್ಲೇ ತಗೊಂಡೆ. ಗಾಳಿಗೆ ಇಡೀ ಹಡಗೇ ಅಡ್ಡ ಇರುತ್ತದೆ. ಎದುರಿಗೆ ಹಡಗು ಬಿಟ್ಟುಹೋದ ನೊರೆಯ ದಾರಿ, ದಿಗಂತದವರೆಗೂ. ನಾವು ಬಂದ ದಾರಿ ನಿಧಾನಕ್ಕೆ ಅಳಿಸಿಹೋಗುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂತಿದ್ದೆ. ಎಡಕ್ಕೂ ಬಲಕ್ಕೂ ನೋಡಬಹುದು, ಆ ಬದಿಯೋ ಈ ಬದಿಯೋ ಅನ್ನುವ ತಲೆನೋವಿಲ್ಲ. ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಎಂಜಿನ್ ನಡುಕ ಇಲ್ಲಿ ಜಾಸ್ತಿ. ಒಮ್ಮೊಮ್ಮೆ ಚಿಮಣಿಯ ಮಸಿ ಕುರ್ಚಿ ಮೇಲೆ ಬೀಳುತ್ತದೆ. ಮೇಲಿನ ಡೆಕ್ಕಿನವರು ಬಗ್ಗಿದರೆ ನಿಮ್ಮ ತಟ್ಟೆಯಲ್ಲಿ ಏನಿದೆ ಅಂತಲೂ ಕಾಣುತ್ತದೆ. ಲಿಫ್ಟಿನಿಂದ ಕೋಣೆಗೆ ನಡೆಯುವ ದೂರ ನೋಡಿ ಅಕ್ಕ ದಿನಾ ಬೈಯುತ್ತಿದ್ದಳು.

ಬದಿಯ ಬಗ್ಗೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಹೊರಟ ಬಂದರಿಗೇ ವಾಪಸು ಬರುವ ಪ್ರಯಾಣವಾದರೆ ಹೋಗುವಾಗ ಕಾಣದ ದಡ ಬರುವಾಗ ಕಾಣುತ್ತದೆ. ಒಂದೇ ದಿಕ್ಕಿನ ಪ್ರಯಾಣಕ್ಕೆ ಮಾತ್ರ ಯೋಚಿಸಬೇಕು. ವ್ಯಾಂಕೂವರ್‌ನಿಂದ ಅಲಾಸ್ಕಾ ಕಡೆ ಉತ್ತರಕ್ಕೆ ಹೋಗುವಾಗ ಮುಖ್ಯ ದಡ ಬಲಗಡೆ, ಅಲ್ಲಿಂದ ಇಳಿದು ಬರುವಾಗ ಎಡಗಡೆ. ಅಲಾಸ್ಕಾದ ಗ್ಲೇಸಿಯರ್ ಬೇ ಕೊಲ್ಲಿಯೊಳಗೆ ಹೋದ ಮೇಲೆ ಅದೂ ಲೆಕ್ಕಕ್ಕಿಲ್ಲ. ಹಿಮನದಿಯ ಮುಂದೆ ಹಡಗನ್ನೇ ನಿಧಾನವಾಗಿ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾರೆ. 'ಪಾಶ್' ಅನ್ನುವ ಪದ ಇಂಗ್ಲೆಂಡ್‌–ಇಂಡಿಯಾ ಹಡಗುಗಳ ಟಿಕೆಟ್‌ನಿಂದ ಹುಟ್ಟಿತು, 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' (ಹೋಗುವಾಗ ಪೋರ್ಟ್, ಬರುವಾಗ ಸ್ಟಾರ್‌ಬೋರ್ಡ್) ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ಆದದ್ದು ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಪುರಾವೆ ಇಲ್ಲ.

ಒಂದು ಕಾಲಕ್ಕೆ ಬಾಲ್ಕನಿ ಅಂದರೆ ದೊಡ್ಡ ಶ್ರೀಮಂತರ ಸೂಟ್ ಕೋಣೆಗಳಿಗೆ ಮಾತ್ರ. 1984ರಲ್ಲಿ ಬಂದ ರಾಯಲ್ ಪ್ರಿನ್ಸೆಸ್ ಹಡಗಿನಲ್ಲಿ ಎಲ್ಲ ಕ್ಯಾಬಿನ್‌ಗಳೂ ಹೊರಗಡೆಗೇ ಇದ್ದವು, ಅವುಗಳಲ್ಲಿ ಎಷ್ಟೋ ಕೋಣೆಗಳಿಗೆ ಬಾಲ್ಕನಿ ಇತ್ತು. ಆಗ ಅದೇ ದೊಡ್ಡ ಸುದ್ದಿ. ಈಗ ಬಾಲ್ಕನಿ ಅನ್ನುವ ಪದವನ್ನೇ ಎಳೆದು ಎಳೆದು ಉದ್ದ ಮಾಡಿದ್ದಾರೆ. 2009ರ ಒಯಾಸಿಸ್ ಆಫ್ ದಿ ಸೀಸ್‌ನಲ್ಲಿ ಕೆಲವು ಬಾಲ್ಕನಿಗಳು ಹಡಗಿನ ಒಳಗಡೆಗೇ ಮುಖ ಮಾಡಿವೆ. ಕೆಳಗೆ ನಿಜವಾದ ಗಿಡಮರಗಳ ಪಾರ್ಕ್. ಸುಂದರವೇ, ಆದರೆ ಪಾರ್ಕ್ ನೋಡಲು ಸಮುದ್ರಕ್ಕೆ ಹೋಗಬೇಕೇ? 2018ರ ಸೆಲೆಬ್ರಿಟಿ ಎಜ್‌ನಲ್ಲಿ 'ಇನ್ಫಿನಿಟ್' ಬಾಲ್ಕನಿ ಬಂತು. ಗುಂಡಿ ಒತ್ತಿದರೆ ಗೋಡೆಯಗಲದ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ. ಕೋಣೆ ದೊಡ್ಡದಾಗುತ್ತದೆ ನಿಜ. ನನ್ನ ಪ್ರಕಾರ ಅದು ದೊಡ್ಡ ಕಿಟಕಿ. ಇದಕ್ಕೆ ಬದಲು ಕ್ವೀನ್ ಮೇರಿ 2ರ ಕೆಳಗಿನ ಡೆಕ್ಕುಗಳಂತೆ ಹಡಗಿನ ಉಕ್ಕಿನ ಮೈಯನ್ನೇ ಕೊರೆದು ಮಾಡಿದ ಬಾಲ್ಕನಿ ಮೇಲು. ಕೂತರೆ ಅಡ್ಡಗೋಡೆಯಿಂದಾಗಿ ನೀರು ಕಾಣುವುದಿಲ್ಲ, ಎದ್ದು ನಿಲ್ಲಬೇಕು. ಆದರೆ ಗಾಳಿ ಮಳೆಗೆ ಅದರಷ್ಟು ರಕ್ಷಣೆ ಬೇರೆಯದಕ್ಕಿಲ್ಲ.

ಬಾಲ್ಕನಿ ಇಲ್ಲದಿದ್ದರೆ ಏನು ಕಳೆದುಕೊಳ್ಳುತ್ತೀರಿ? ಹೆಚ್ಚಿನ ದಿನಗಳಲ್ಲಿ ಏನೂ ಇಲ್ಲ. ದಿನಾ ಒಂದೊಂದು ಊರಿನಲ್ಲಿ ನಿಲ್ಲುವ ಪ್ರಯಾಣವಾದರೆ ಬೆಳಿಗ್ಗೆ ಇಳಿಯುತ್ತೀರಿ, ಸಂಜೆ ಸುಸ್ತಾಗಿ ಬರುತ್ತೀರಿ, ರಾತ್ರಿ ಹಡಗು ಹೋಗುವಾಗ ಹೊರಗೆ ಬರೀ ಕತ್ತಲು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ನಿದ್ದೆ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಮಲಗಿದವರಿಗೇ ಗೊತ್ತು. ಸಮುದ್ರ ನೋಡಲು ಮೇಲಿನ ಡೆಕ್ಕು ಎಲ್ಲರಿಗೂ ಇದೆ. ಇಡೀ ದಿನ ಸಮುದ್ರದಲ್ಲೇ ಕಳೆಯುವ ದಿನಗಳು ಜಾಸ್ತಿ ಇದ್ದರೆ, ಅಥವಾ ನಾರ್ವೆಯ ಫ್ಯೋರ್ಡ್‌ಗಳಂಥ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ಕಡೆ ಹಡಗಿನ ದಾರಿಯೇ ನೋಡುವ ಜಾಗವಾಗಿದ್ದರೆ, ಆಗ ಬಾಲ್ಕನಿಗೆ ಕೊಟ್ಟ ದುಡ್ಡು ಪೂರ್ತಿ ವಾಪಸು. ಬುಕ್ ಮಾಡುವ ಮೊದಲು ಹಾಳೆ ತಗೊಂಡು, ಬೆಳಕಿರುವಾಗ ಹಡಗು ಚಲಿಸುತ್ತಿದ್ದು ನೀವೂ ಕೋಣೆಯಲ್ಲಿರುವ ಗಂಟೆಗಳು ಎಷ್ಟು ಅಂತ ಬರೆದು ನೋಡಿ. ನನ್ನ ಮೊದಲ ಪ್ರಯಾಣಕ್ಕೆ ಆ ಲೆಕ್ಕ ಹಾಕಿದ್ದರೆ ಲೈಫ್‌ಬೋಟಿನ ದರ್ಶನವೇ ತಪ್ಪುತ್ತಿತ್ತು.

ಒಳಕೋಣೆಯ ಪರ ಇಷ್ಟು ಮಾತಾಡಿದವನು ಒಂದು ವಿಷಯದಲ್ಲಿ ಸುಮ್ಮನಾಗುತ್ತೇನೆ. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಯೊಕೊಹಾಮಾದಲ್ಲಿ ಕೊರೋನಾದಿಂದಾಗಿ ಕ್ವಾರಂಟೈನ್ ಮಾಡಿದರು. ಒಳಗಿದ್ದವರು 3,711 ಮಂದಿ. ಎರಡು ವಾರ ಪ್ರಯಾಣಿಕರು ಕೋಣೆ ಬಿಟ್ಟು ಓಡಾಡುವ ಹಾಗಿರಲಿಲ್ಲ. ಬಾಲ್ಕನಿ ಇದ್ದವರು ಆಕಾಶವನ್ನಾದರೂ ನೋಡಿದರು. ಒಳಕೋಣೆಯವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಡುತ್ತಿದ್ದರು, ಅಷ್ಟೇ. ಅಕ್ಕ ವಾದ ಮಾಡುವಾಗ ಇದನ್ನೇ ಮುಂದಿಡುತ್ತಾಳೆ, ನನ್ನ ಬಳಿ ಉತ್ತರ ಇಲ್ಲ.

ಬಾಲ್ಕನಿ ಸಿಕ್ಕ ಮೇಲೆ ಎರಡು ಮಾತು. ಅದರ ಬಾಗಿಲು ತೆರೆದಿರುವಾಗ ಕೋಣೆಯ ಮುಂಬಾಗಿಲು ತೆಗೆಯಬೇಡಿ. ಗಾಳಿ ಸುರಂಗದ ಹಾಗೆ ನುಗ್ಗಿ ಬಾಗಿಲು ಬಡಿಯುತ್ತದೆ, ಬೆರಳು ಸಿಕ್ಕರೆ ಕಥೆ ಮುಗಿಯಿತು. ಇನ್ನೊಂದು ಸಿಗರೇಟು. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ಆರಿಸದೆ ಎಸೆದ ಸಿಗರೇಟಿನ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಿಡಿದು ಬೆಂಕಿ ಡೆಕ್ಕಿನಿಂದ ಡೆಕ್ಕಿಗೆ ಏರಿತು. ಒಬ್ಬ ಪ್ರಯಾಣಿಕ ತೀರಿಕೊಂಡರು. ಅದಾದ ಮೇಲೆ ಬಾಲ್ಕನಿಯಲ್ಲಿ ಏನೇನು ಇಡಬಹುದು ಅನ್ನುವ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು. ಹೆಚ್ಚಿನ ಕಂಪನಿಗಳು ಈಗ ಬಾಲ್ಕನಿಯಲ್ಲಿ ಸೇದಲು ಬಿಡುವುದಿಲ್ಲ. ಒದ್ದೆ ಟವೆಲ್ಲನ್ನೂ ಅಲ್ಲಿ ಒಣಹಾಕಬೇಡಿ, ಹಾರಿ ಯಾರ ಬಾಲ್ಕನಿಗೆ ಹೋಗುತ್ತದೋ ಗೊತ್ತಿಲ್ಲ.

ಮುಂದಿನ ಪ್ರಯಾಣಕ್ಕೆ ಬುಕಿಂಗ್ ಆಗಿದೆ. ದಿನಕ್ಕೊಂದು ಬಂದರು, ಹಾಗಾಗಿ ನನಗೆ ಒಳಕೋಣೆ. ಅಕ್ಕ ಮಾತ್ರ ಹಠ ಹಿಡಿದು ನಡುಭಾಗದಲ್ಲಿ, ಮೇಲೂ ಕೆಳಗೂ ಬರೀ ಕ್ಯಾಬಿನ್ ಇರುವ ಡೆಕ್ಕಿನಲ್ಲಿ ಬಾಲ್ಕನಿ ತಗೊಂಡಿದ್ದಾಳೆ. ಬೆಳಿಗ್ಗೆ ತಿಂಡಿ ತಟ್ಟೆ ಹಿಡಿದು ಅವಳ ಕೋಣೆಗೆ ಹೋಗಿ ಕೂರುವುದು ಅಂತ ಅಂದುಕೊಂಡಿದ್ದೇನೆ. ಅವಳಿಗಿನ್ನೂ ಹೇಳಿಲ್ಲ.