ಅಡಕತ್ತರಿಯ ಜಲಸಮಾಧಿ

ನಮ್ಮ ಮನೆಯ ಅಡಕತ್ತರಿ ಅಜ್ಜಿಯ ತವರಿನಿಂದ ಬಂದದ್ದು. ಅಜ್ಜಿಯ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟ ಮೇಲೆ ಅದಕ್ಕೂ ಕೆಲಸ ತಪ್ಪಿ, ಮಲೆನಾಡಿನ ಅದೆಷ್ಟೋ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದು, ಮೈತುಂಬ ತುಕ್ಕು ಹೊದ್ದುಕೊಂಡಿತ್ತು. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು ಎಂದು ಅಮ್ಮ ಹೇಳಿದಾಗ, ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಅದು ಅವಮಾನವೆನಿಸಿತು. ವಿದ್ಯುದ್ವಿಭಜನೆಯಿಂದ ತುಕ್ಕು ತೆಗೆಯುವುದಾಗಿ ಘೋಷಿಸಿದೆ.

ಮೊದಲು ಒಂದು ತಾಲೀಮು ನಡೆಯಿತು. ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಲಂಡನ್ನಿನಲ್ಲಿ 1800ರಷ್ಟು ಹಿಂದೆಯೇ ನೀರನ್ನು ಒಡೆದು ಜಲಜನಕ, ಆಮ್ಲಜನಕಗಳನ್ನು ಪಡೆದಿದ್ದರಲ್ಲ, ಅದನ್ನೇ ನಾನು 9 ವೋಲ್ಟಿನ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ ಮತ್ತು ಒಂದು ಲೋಟ ಉಪ್ಪುನೀರಿನಲ್ಲಿ ಮಾಡಹೊರಟೆ. ಗುಳ್ಳೆಗಳು ಧಾರಾಳವಾಗಿ ಬಂದವು. ಆದರೆ ಉಪ್ಪು ಇರುವಲ್ಲಿ ಧನಧ್ರುವದಲ್ಲಿ ಆಮ್ಲಜನಕದ ಬದಲು ಕ್ಲೋರಿನ್ ಹೊರಡುತ್ತದೆ ಎಂಬ ಪಾಠ, ಅಡುಗೆಮನೆಯಿಂದ "ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಚೆಲ್ಲಿದವರು ಯಾರು?" ಎಂಬ ಕೂಗು ಕೇಳಿದ ಮೇಲೆ ನೆನಪಾಯಿತು. ಕೆಮ್ಮುತ್ತಲೇ ಲೋಟವನ್ನು ಅಂಗಳಕ್ಕೆ ಸಾಗಿಸಿದೆ.

ನಿಜವಾದ ಕಾರ್ಯಕ್ರಮ ಕೊಟ್ಟಿಗೆಯಲ್ಲಿ ನಡೆಯಿತು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ. ತುಕ್ಕು ಹಿಡಿದ ವಸ್ತುವನ್ನು ಋಣಧ್ರುವಕ್ಕೂ ಬಲಿಗೆಂದು ಒಂದು ಹಳೆಯ ಕಬ್ಬಿಣದ ತುಂಡನ್ನು ಧನಧ್ರುವಕ್ಕೂ ಸಿಕ್ಕಿಸಿ, ಕಾರಿನ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಬೇಕು. ಬಲಿಗೆ ಮುರಿದ ಗುದ್ದಲಿ ಸಿಕ್ಕಿತು. ಕೆಲಸ ಚುರುಕಾಗಲೆಂದು, ಲೋಟದ ಅನುಭವವನ್ನು ಮರೆತವನಂತೆ, ಒಂದು ಮುಷ್ಟಿ ಉಪ್ಪನ್ನೂ ಸುರಿದೆ. ಆ ಚಾರ್ಜರಿನ ವಯರುಗಳನ್ನು ಹಿಂದೊಮ್ಮೆ ಇಲಿ ಕಡಿದಾಗ ಸ್ವತಃ ನಾನೇ ದುರಸ್ತಿ ಮಾಡಿದ್ದೆ. ಕಪ್ಪು ವಯರು ಸಿಗದೆ ಎರಡನ್ನೂ ಕೆಂಪಿನಲ್ಲೇ ಜೋಡಿಸಿದ್ದೆ. ಯಾವುದು ಯಾವ ಧ್ರುವವೆಂದು ನೆನಪಿಟ್ಟುಕೊಳ್ಳುವಷ್ಟು ಬುದ್ಧಿ ನನಗಿದೆ ಎಂಬ ನಂಬಿಕೆ ಆಗ ಇತ್ತು.

ರಾತ್ರಿ ಸ್ವಿಚ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಬಕೆಟ್ಟಿನ ಮೇಲೆ ರಾಗಿ ಅಂಬಲಿಯಂತಹ ಕಂದು ನೊರೆ. ಕೈಗವಸು ಹಾಕಿಕೊಂಡು ಎತ್ತಿದಾಗ, ಆ ಮುರಿದ ಗುದ್ದಲಿ ತುಕ್ಕೆಲ್ಲ ಉದುರಿ ಮದುವಣಿಗನಂತೆ ಹೊರಬಂತು. ಅಡಕತ್ತರಿಯ ಅಲಗು ಮಾತ್ರ ಇಲಿ ತಿಂದ ಹಪ್ಪಳದಂತಾಗಿತ್ತು. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಧನಧ್ರುವದ ಕಬ್ಬಿಣ ಹೆಚ್ಚೆಂದರೆ ಸುಮಾರು 1 ಗ್ರಾಂ ಕರಗುತ್ತದೆ ಎಂಬುದು ಫ್ಯಾರಡೆಯ ನಿಯಮದ ಲೆಕ್ಕ. ಮೂರು ಆಂಪಿಯರಿನಂತೆ ಎಂಟು ಗಂಟೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ, 25 ಗ್ರಾಂ ಎಂದು ಉತ್ತರ ಬಂದಾಗ, ನಿಯಮ ಸುಳ್ಳಾಗಲಿಲ್ಲವೆಂದು ಕ್ಷಣಕಾಲ ಸಂತೋಷವೂ ಆಯಿತೆನ್ನಿ.

ಅಮ್ಮ ಏನೂ ಹೇಳದೆ ಹುಣಸೆಹಣ್ಣಿನ ಡಬ್ಬಿಯನ್ನು ಕಪಾಟಿಗೆ ಮರಳಿಸಿದಳು. ಅಜ್ಜಿ ಅಡಕತ್ತರಿಯನ್ನು ಬೆಳಕಿಗೆ ಹಿಡಿದು, ಅದರ ಸವೆದ ಅಂಚಿನ ಮೇಲೆ ಬೆರಳಾಡಿಸಿ, "ಪಾಪ, ಇದಕ್ಕೂ ಹಲ್ಲು ಹೋಯಿತು" ಎಂದಳು. ಆಮೇಲೆ ನನ್ನ ಮುಖವನ್ನೊಮ್ಮೆ, ಬಕೆಟ್ಟನ್ನೊಮ್ಮೆ ನೋಡಿ, ಪಕ್ಕದಲ್ಲಿದ್ದ ತನ್ನ ಹಿತ್ತಾಳೆಯ ಕುಟ್ಟಾಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ನಡೆದಳು.